ನಾಣ್ಯಗಳನ್ನು ಓದಿದ ಸಾಹೇಬರು: ಸರ್ ವಾಲ್ಟರ್ ಎಲಿಯಟ್

ಸಂಗ್ರಹ ಮಾಡುವುದು ಜೀವಿಗಳಿಗೆ ಹುಟ್ಟಿನಿಂದ ಬಂದ ಗುಣ. ಇರುವೆ ಕಾಳನ್ನು ಕೂಡಿಡುತ್ತದೆ, ಜೇನು ತುಪ್ಪವನ್ನು ಕೂಡಿಡುತ್ತದೆ. ಅವುಗಳ ಸಂಗ್ರಹಕ್ಕೆಲ್ಲ ಹೊಟ್ಟೆಯೇ ಮೂಲ. ಆದರೆ ತಿನ್ನಲು ಬಾರದ, ಉಡಲು ಬಾರದ, ಸಂತೆಯಲ್ಲಿ ಕೊಟ್ಟರೆ ಒಂದು ಸೇರು ಜೋಳವನ್ನೂ ತಾರದ ವಸ್ತುವನ್ನು ಜೋಪಾನವಾಗಿ ಕಾಪಾಡುವವನು ಮನುಷ್ಯನೊಬ್ಬನೇ. ಸವೆದ ನಾಣ್ಯ, ಹಳೆಯ ಪದಕ, ಒಡೆದ ತಾಮ್ರಪಟ ಇವನ್ನು ಆರಿಸಿ ತರುವವನನ್ನು ಕಂಡು ನೆರೆಹೊರೆಯವರು ನಗುವುದುಂಟು. ಹಾಗೆ ನಗೆಗೆ ಈಡಾಗಬಹುದಾಗಿದ್ದ ಒಬ್ಬ ಮಹನೀಯರ ಜೀವನವನ್ನು ವಾಚಕರ ಮುಂದೆ ಇಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ. ಅವರು ಪರದೇಶದವರು, ನಮ್ಮನ್ನು ಆಳಲು ಬಂದವರು. ಆದರೂ ಕನ್ನಡ ನಾಡಿನ ಇತಿಹಾಸಕ್ಕೆ ಅವರು ಮಾಡಿದ ಉಪಕಾರ ಸಣ್ಣದಲ್ಲ.

ನಾಣ್ಯಕ್ಕೂ ಪದಕಕ್ಕೂ ಇರುವ ಭೇದವನ್ನು ಮೊದಲು ಹೇಳಿಬಿಡುತ್ತೇನೆ. ನಾಣ್ಯವನ್ನು ಟಂಕಿಸುವುದು ವೆಚ್ಚಕ್ಕೆ. ಪದಕವನ್ನು ಟಂಕಿಸುವುದು ನೆನಪಿಗೆ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅಮೆರಿಕೆಯಲ್ಲಿ ಸ್ಮಾರಕ ಪದಕಗಳು ಬಹಳವಾಗಿ ಹೊರಬಂದವು. ಹಡ್ಸನ್ ಎಂಬ ನಾವಿಕನ ಯಾನವನ್ನೂ ಫುಲ್ಟನ್ ಎಂಬಾತನ ಉಗಿದೋಣಿಯನ್ನೂ ನೆನೆದು ೧೯೦೯ರಲ್ಲಿ ನ್ಯೂಯಾರ್ಕಿನಲ್ಲಿ ಉತ್ಸವ ನಡೆದಾಗ ಪದಕಗಳು ಹೊರಟವು. ಪನಾಮ ಕಾಲುವೆಯ ಸಂಭ್ರಮಕ್ಕಾಗಿ ೧೯೧೫ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ನಡೆದ ವಸ್ತುಪ್ರದರ್ಶನದಲ್ಲಿ ಗೆದ್ದವರಿಗೆ ಕೊಟ್ಟ ಪದಕವನ್ನು ಜಾನ್ ಫ್ಲಾನಗನ್ ಎಂಬ ಶಿಲ್ಪಿ ರೂಪಿಸಿದ. ಇಂಥ ಪದಕಗಳನ್ನು ಸಂಗ್ರಹಿಸುವವರ ಕೆಲಸ ಒಂದು ರೀತಿಯಲ್ಲಿ ಸುಲಭ. ಯಾವ ವರ್ಷ, ಯಾವ ಸಂದರ್ಭ, ಯಾರ ಕೈಕೆಲಸ ಎಂಬುದನ್ನು ಪದಕವೇ ಬಹುಮಟ್ಟಿಗೆ ಹೇಳುತ್ತದೆ. ನಮ್ಮ ಹಳೆಯ ಹೊನ್ನು ಹಣಗಳ ಸಂಗತಿ ಹಾಗಲ್ಲ. ಒಂದರ ಮೇಲೆ ಒಂದು ವರಾಹ, ಇನ್ನೊಂದರ ಮೇಲೆ ಕಮಲ, ಮತ್ತೊಂದರ ಮೇಲೆ ಆನೆ. ಹಿಂಬದಿ ಎಷ್ಟೋ ಸಲ ಬರಿದು. ಇಸವಿಯಿಲ್ಲ, ಹಲವುದರ ಮೇಲೆ ಅರಸನ ಹೆಸರೂ ಇಲ್ಲ. ಈ ಮೂಕ ನಾಣ್ಯಗಳನ್ನು ಓದಲು ಒಂದು ಇಡೀ ಆಯುಷ್ಯವನ್ನು ಸವೆಸಿದವರೇ ಸರ್ ವಾಲ್ಟರ್ ಎಲಿಯಟ್.

ಎಲಿಯಟ್ ಅವರು ೧೮೦೩ನೆಯ ಇಸವಿ ಜನವರಿ ೧೬ರಂದು ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ಜನಿಸಿದರು. ಅವರ ಮನೆತನದ ಭೂಮಿ ಇದ್ದದ್ದು ಆ ದೇಶದ ಗಡಿನಾಡಿನ ವುಲ್ಫ್‌ಲೀ ಎಂಬಲ್ಲಿ. ಆ ಕಾಲದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಸಿಗಬೇಕಾದರೆ ವಿದ್ಯೆಯ ಜೊತೆಗೆ ವಶೀಲಿಯೂ ಬೇಕಾಗಿತ್ತು. ಬಂಧುವೊಬ್ಬರ ಮೂಲಕ ೧೮೧೮ರಲ್ಲಿ ಅವರಿಗೆ ಆ ನೌಕರಿಯ ವಚನ ದೊರೆಯಿತು. ಕಂಪನಿಯ ಅಧಿಕಾರಿಗಳನ್ನು ತಯಾರು ಮಾಡುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಓದಿ ಹೆಸರು ಪಡೆದು, ೧೮೨೧ರಲ್ಲಿ ಮದ್ರಾಸಿಗೆ ಬಂದಿಳಿದರು. ಮೊದಲು ಸೇಲಂ ಜಿಲ್ಲೆಯಲ್ಲಿ ಸಹಾಯಕರಾಗಿದ್ದು, ಅನಂತರ ಅಂದು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದ ನಮ್ಮ ಧಾರವಾಡದ ಸೀಮೆಗೆ ವರ್ಗವಾದರು. ಹೆಸರು ಮರಾಠಾ ದೇಶವಾದರೂ ಅಲ್ಲಿನ ಜನರ ನುಡಿ ಕನ್ನಡವೇ ಆಗಿತ್ತು.

ಧಾರವಾಡದ ಕಲೆಕ್ಟರ್ ಆಗಿದ್ದವನು ಸೇಂಟ್ ಜಾನ್ ಥ್ಯಾಕರೆ. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆಯ ಚಿಕ್ಕಪ್ಪ ಇವನೇ. ಇವನ ಕೈಕೆಳಗೆ ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ತರುಣ ಸಹಾಯಕರಿದ್ದರು. ಮುಂದಿನ ಕಥೆ ಕನ್ನಡಿಗರಿಗೆಲ್ಲ ಗೊತ್ತಿದ್ದದ್ದೇ. ೧೮೨೪ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತಕವನ್ನು ಥ್ಯಾಕರೆ ಒಪ್ಪಲಿಲ್ಲ. ಸಂಸ್ಥಾನದ ಖಜಾನೆಗೆ ಮೊಹರು ಹಾಕಿಸಿ ಕಾವಲಿಟ್ಟ. ರಾಣಿ ಚೆನ್ನಮ್ಮ ತಲೆಬಾಗಲಿಲ್ಲ. ಅಕ್ಟೋಬರ್ ೨೩ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಮಡಿದ. ಎಲಿಯಟ್ ಮತ್ತು ಸ್ಟೀವನ್‌ಸನ್ ಸೆರೆಸಿಕ್ಕರು. ಆಗ ಎಲಿಯಟ್‌ಗೆ ಇಪ್ಪತ್ತೊಂದು ವರ್ಷ.

ಹಲವು ವಾರಗಳ ಕಾಲ ಅವರ ಪ್ರಾಣ ಕಿತ್ತೂರಿನವರ ಕೈಯಲ್ಲಿತ್ತು. ಸೇಡಿಗೆ ಕಾರಣ ಬೇಕಾದಷ್ಟಿದ್ದರೂ ರಾಣಿ ಅವರಿಬ್ಬರನ್ನು ಕೊಲ್ಲಿಸಲಿಲ್ಲ. ಡಿಸೆಂಬರಿನ ಮೊದಲಲ್ಲಿ, ಕಂಪನಿಯ ದೊಡ್ಡ ಸೈನ್ಯ ಕೋಟೆಯನ್ನು ಸುತ್ತುವರಿದಿದ್ದಾಗ, ಅವರನ್ನು ಸುರಕ್ಷಿತವಾಗಿ ಬಿಟ್ಟಳು. ಅದಾದ ಕೆಲವೇ ದಿನಗಳಲ್ಲಿ ಕೋಟೆ ಬಿದ್ದಿತು. ರಾಣಿ ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ಕಣ್ಮುಚ್ಚಿದಳು. ಸೆರೆಯಾಳಾಗಿದ್ದ ತರುಣನಿಗೆ ಬದುಕು ಮರಳಿ ಸಿಕ್ಕಿತು, ಬಿಟ್ಟುಕೊಟ್ಟ ರಾಣಿಗೆ ಸೆರೆ ಸಿಕ್ಕಿತು. ಇತಿಹಾಸದ ಈ ಅನ್ಯಾಯವನ್ನು ಮರೆತು ಎಲಿಯಟ್ ಅವರ ಗುಣಗಾನ ಮಾಡುವುದು ಸರಿಯಲ್ಲ. ಹಾಗೆಯೇ, ಉಳಿದ ಆ ಬದುಕನ್ನು ಅವರು ಹೇಗೆ ಬಳಸಿದರು ಎಂಬುದನ್ನು ನೋಡದಿರುವುದೂ ಸರಿಯಲ್ಲ.

ಇಂಥ ಅನುಭವವಾದ ಮೇಲೆ ಬೇರೊಬ್ಬನಾಗಿದ್ದರೆ ಈ ಸೀಮೆಯನ್ನೇ ದ್ವೇಷಿಸಬಹುದಾಗಿತ್ತು. ಎಲಿಯಟ್ ಅವರು ೧೮೩೩ರವರೆಗೆ ಇಲ್ಲಿಯೇ ಉಳಿದರು. ಕಂದಾಯದ ಕೆಲಸಕ್ಕೆ ಕುದುರೆಯ ಮೇಲೆ ಊರೂರು ಸುತ್ತುವಾಗ, ಗುಡಿಗಳ ಮುಂದೆಯೂ ಕೆರೆಯ ಏರಿಗಳ ಮೇಲೆಯೂ ನಿಂತಿದ್ದ ಬರಹದ ಕಲ್ಲುಗಳು ಅವರ ಕಣ್ಣಿಗೆ ಬಿದ್ದವು. ದನ ಕಟ್ಟಲು, ಬಟ್ಟೆ ಒಗೆಯಲು ಬಳಕೆಯಾಗುತ್ತಿದ್ದ ಆ ಕಲ್ಲುಗಳಲ್ಲಿ ಏನು ಬರೆದಿದೆಯೆಂದು ಬಲ್ಲವರು ಬಹಳ ಕಡಿಮೆ. ಅವರು ಪಂಡಿತರ ನೆರವಿನಿಂದ ಹಳೆಯ ಲಿಪಿಯನ್ನು ಓದಿಸಿ, ಪ್ರತಿ ಮಾಡಿಸತೊಡಗಿದರು. ಹನಿಹನಿಗೂಡಿ ಹಳ್ಳವೆಂಬಂತೆ ಆ ಪ್ರತಿಗಳು ೫೯೫ ಆದವು. ಇವುಗಳ ಆಧಾರದಿಂದ ಅವರು ಬರೆದ ಪ್ರಬಂಧ ೧೮೩೭ರಲ್ಲಿ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಕಲ್ಯಾಣದ ಚಾಲುಕ್ಯರ ವಂಶಾವಳಿ, ಅರಸರ ಅನುಕ್ರಮ, ಅವರ ಕಾಲ ಇವು ಕ್ರಮವಾಗಿ ಬೆಳಕಿಗೆ ಬಂದದ್ದು ಇಂಥ ದುಡಿಮೆಯಿಂದ. ಮುಂದೆ ಜೆ. ಎಫ್. ಫ್ಲೀಟ್ ಅವರು ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆಯುವಾಗ ಎಲಿಯಟ್ ಅವರ ಈ ಹಸ್ತಪ್ರತಿಗಳನ್ನು ಬಳಸಿಕೊಂಡರು.

ಅವರ ಕುತೂಹಲಕ್ಕೆ ಎಲ್ಲೆಯಿರಲಿಲ್ಲ. ಈ ಸೀಮೆಯ ಪ್ರಾಣಿಗಳ ಪಟ್ಟಿಯೊಂದನ್ನು ಮಾಡಿ ೧೮೩೯ರಲ್ಲಿ ಪ್ರಕಟಿಸಿದರು. ಹುಲಿ ಚಿರತೆಗಳಿಂದ ಹಿಡಿದು ಹೊಲದ ಇಲಿಯವರೆಗೆ ಪ್ರಾಣಿಗಳನ್ನು ಹೆಸರಿಸುವಾಗ, ಇಲ್ಲಿನ ಜನ ಅವನ್ನು ಏನೆಂದು ಕರೆಯುತ್ತಾರೆಂಬುದನ್ನೂ ಬರೆದಿಟ್ಟರು. ಒಂದು ಜಾತಿಯ ಪೊದೆ ಇಲಿಗೂ, ಮರದ ಮೇಲೆ ಓಡಾಡುವ ಅಳಿಲಿನಂಥ ಒಂದು ಪುಟ್ಟ ಪ್ರಾಣಿಗೂ ವಿಜ್ಞಾನಿಗಳು ಎಲಿಯಟ್ ಅವರ ಹೆಸರನ್ನೇ ಇಟ್ಟಿದ್ದಾರೆ. ಪಾರಿವಾಳಗಳ ಬಗೆಗಳನ್ನು ಅಭ್ಯಾಸ ಮಾಡುತ್ತಿದ್ದ ಚಾರ್ಲ್ಸ್ ಡಾರ್ವಿನ್ನರಿಗೆ ಭಾರತದಿಂದ ಪಕ್ಷಿಗಳ ಚರ್ಮಗಳನ್ನು ಕಳುಹಿಸಿಕೊಟ್ಟವರಲ್ಲಿ ಇವರೊಬ್ಬರು. ಡಾರ್ವಿನ್ನರು ತಮ್ಮ ಗ್ರಂಥದಲ್ಲಿ ಇವರನ್ನು ಸ್ಮರಿಸಿದ್ದಾರೆ.

ಇನ್ನು ನಾಣ್ಯಗಳ ವಿಷಯ. ದಕ್ಷಿಣದ ಚಿನ್ನದ ನಾಣ್ಯಕ್ಕೆ ಪರದೇಶದ ವರ್ತಕರು ಪಗೋಡಾ ಎಂದರು, ನಾವು ವರಾಹವೆಂದೆವು. ಈ ವರಾಹವೆಂಬ ಹೆಸರೇ ಒಂದು ಚರಿತ್ರೆ. ವರಾಹ ಚಾಲುಕ್ಯರ ಲಾಂಛನ. ಅವರ ರಾಜ್ಯ ಅಳಿದು ನೂರಾರು ವರ್ಷಗಳಾದ ಮೇಲೂ, ಬೇರೆ ಅರಸರು ಬೇರೆ ಮುದ್ರೆಗಳನ್ನು ಒತ್ತಿಸಿದಾಗಲೂ, ಜನ ತಮ್ಮ ಕೈಯಲ್ಲಿನ ಚಿನ್ನದ ಬಿಲ್ಲೆಯನ್ನು ವರಾಹವೆಂದೇ ಕರೆದರು. ಹೀಗೆ ಚೋಳರಿಗೆ ಹುಲಿ, ಪಾಂಡ್ಯರಿಗೆ ಮೀನು, ಚೇರರಿಗೆ ಬಿಲ್ಲು ಲಾಂಛನಗಳಾಗಿದ್ದವು. ಲಾಂಛನವನ್ನು ಗುರುತಿಸಿದರೆ ಮನೆತನ ತಿಳಿಯುತ್ತದೆ. ಆದರೆ ಲಾಂಛನವೊಂದನ್ನೇ ನಂಬಿದರೆ ಮೋಸಹೋಗುವ ಸಂಭವವೂ ಉಂಟು. ಗೆದ್ದ ಅರಸ ಸೋತವನ ಗುರುತನ್ನು ತನ್ನದರೊಡನೆ ಸೇರಿಸಿಕೊಳ್ಳುವುದುಂಟು. ಅದಕ್ಕಾಗಿ ಶಾಸನದ ಸಾಕ್ಷ್ಯ ಬೇಕು, ತೂಕದ ಸಾಕ್ಷ್ಯ ಬೇಕು, ನಾಣ್ಯ ಸಿಕ್ಕ ಸ್ಥಳದ ಸಾಕ್ಷ್ಯ ಬೇಕು. ಶಾಸನಗಳನ್ನು ಮೊದಲೇ ಓದಿಸಿಟ್ಟುಕೊಂಡಿದ್ದ ಎಲಿಯಟ್ ಅವರಿಗೆ ನಾಣ್ಯಗಳನ್ನು ಓದುವ ಕೀಲಿಕೈ ಕೈಯಲ್ಲೇ ಇತ್ತು. ಅಕ್ಕಸಾಲಿಗರು ತೂಕಕ್ಕೆ ಬಳಸುತ್ತಿದ್ದ ಮಂಜಾಡಿ, ಕಳಂಜು ಮೊದಲಾದ ಬೀಜಗಳ ಲೆಕ್ಕವನ್ನೂ ಅವರು ವಿಚಾರಿಸಿದರು.

ಸ್ಥಳದ ಸಾಕ್ಷ್ಯ ಎಂಥದೆಂಬುದಕ್ಕೆ ಒಂದು ಉದಾಹರಣೆ ಸಾಕು. ವೇಂಗಿಯ ಚಾಲುಕ್ಯ ಅರಸರಾದ ಶಕ್ತಿವರ್ಮ ಮತ್ತು ರಾಜರಾಜ ಇವರ ವರಾಹ ಮುದ್ರೆಯ ಚಿನ್ನದ ನಾಣ್ಯಗಳು ಬರ್ಮಾ ದೇಶದ ಅರಕಾನ್ ತೀರದ ಒಂದು ದ್ವೀಪದಲ್ಲಿ ಸಿಕ್ಕಿವೆ. ಅದೇ ನಾಣ್ಯಗಳು ಎಲ್ಲಿ ಸಿಕ್ಕವೆಂದು ತಿಳಿಯದೆ ಒಬ್ಬ ಸೆಟ್ಟಿಯ ಪೆಟ್ಟಿಗೆಯಿಂದ ಹೊರಬಂದಿದ್ದರೆ ಅವು ಕೇವಲ ಚಿನ್ನ. ಸಿಕ್ಕ ಸ್ಥಳ ಗೊತ್ತಿರುವುದರಿಂದ ಅವು ಆಂಧ್ರ ತೀರಕ್ಕೂ ಬಂಗಾಳ ಕೊಲ್ಲಿಯ ಆಚೆಯ ದಡಕ್ಕೂ ನಡೆದಿದ್ದ ವ್ಯಾಪಾರಕ್ಕೆ ಸಾಕ್ಷಿಯಾದವು.

ಈ ಮಾತನ್ನು ನಾನು ಒತ್ತಿ ಹೇಳಲು ಕಾರಣವುಂಟು. ನಾನು ಸೇಡಂ ತಾಲೂಕಿನ ಆಡಕಿಯವನು. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ, ಅಂದರೆ ಇಂದಿನ ಮಳಖೇಡ, ಕಾಗಿಣಾ ನದಿಯ ದಡದಲ್ಲಿ ನಮ್ಮ ತಾಲೂಕಿನಲ್ಲೇ ಇದೆ. ನೃಪತುಂಗನೆಂದು ಹೆಸರಾದ ಅಮೋಘವರ್ಷ ಅರವತ್ತಕ್ಕೂ ಹೆಚ್ಚು ವರ್ಷ ಆಳಿದ ವಂಶ ಅದು. ಆ ಕಾಲದ ಶಾಸನಗಳಲ್ಲಿ ದ್ರಮ್ಮ, ಸುವರ್ಣ, ಗದ್ಯಾಣ ಮುಂತಾದ ಹೆಸರುಗಳು ಬರುತ್ತವೆ. ಆದರೆ ರಾಷ್ಟ್ರಕೂಟರದೇ ಎಂದು ಖಚಿತವಾಗಿ ಹೇಳಬಹುದಾದ ನಾಣ್ಯಗಳು ಅತ್ಯಂತ ವಿರಳ. ಇಷ್ಟು ದೊಡ್ಡ ಸಾಮ್ರಾಜ್ಯದ ಹಣವೆಲ್ಲ ಎಲ್ಲಿ ಹೋಯಿತು? ವಿದ್ವಾಂಸರು ಇದಕ್ಕೆ ಬೇರೆ ಬೇರೆ ಉತ್ತರ ಕೊಟ್ಟಿದ್ದಾರೆ. ನಾನು ವಿದ್ವಾಂಸನಲ್ಲ, ಕಿವಿಯಿಂದ ಕೇಳಿದ್ದನ್ನು ಮಾತ್ರ ಹೇಳಬಲ್ಲೆ.

ನಮ್ಮೂರಿನ ಹಿರಿಯರೊಬ್ಬರು ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದ ಸಂಗತಿಯಿದು. ಅವರ ಬಾಲ್ಯದಲ್ಲಿ ಒಬ್ಬ ರೈತ ತೊಗರಿಯ ಹೊಲವನ್ನು ಹರಗುವಾಗ ಕುಂಟೆಗೆ ಒಂದು ಮಡಕೆ ಸಿಕ್ಕಿತಂತೆ. ಅದರಲ್ಲಿ ಬೆರಳುಗುರಿನಷ್ಟು ಅಗಲದ ಹಳದಿ ಬಿಲ್ಲೆಗಳು. ಸರ್ಕಾರಕ್ಕೆ ತಿಳಿದರೆ ಕಸಿದುಕೊಳ್ಳುತ್ತಾರೆಂಬ ಹೆದರಿಕೆ ಒಂದು ಕಡೆ, ಭೂಮಿಯ ಹಣ ಮನೆಗೆ ಆಗಿಬರುವುದಿಲ್ಲವೆಂಬ ಹೆದರಿಕೆ ಇನ್ನೊಂದು ಕಡೆ. ಆತ ಒಂದು ಬಿಲ್ಲೆಯನ್ನು ದೇವರಿಗೆ ಕಟ್ಟಿ, ಉಳಿದದ್ದನ್ನು ರಾತ್ರೋರಾತ್ರಿ ಕುಲುಮೆಗೆ ಹಾಕಿಸಿದ. ಮಗಳ ಮದುವೆಗೆ ಒಡವೆಯಾಯಿತು. ಆ ಬಿಲ್ಲೆಗಳ ಮೇಲೆ ಏನಿತ್ತು ಎಂದು ನಾನು ಕೇಳಿದೆ. ಯಾವುದೋ ಪಕ್ಷಿಯಂತಿತ್ತು ಎಂದು ಅವರು ಹೇಳಿದರು. ರಾಷ್ಟ್ರಕೂಟರ ಲಾಂಛನ ಗರುಡ. ಆ ಪಕ್ಷಿ ಗರುಡನೋ, ಬೇರೆ ಯಾವುದೋ, ಹಿರಿಯರ ನೆನಪಿನ ತಪ್ಪೋ? ಕುಲುಮೆಯಲ್ಲಿ ಕರಗಿದ ಮೇಲೆ ಯಾವ ಪಂಡಿತನೂ ಹೇಳಲಾರ. ಬಡ ತಂದೆಯನ್ನು ದೂರಲು ನನಗೆ ಮನಸ್ಸಿಲ್ಲ. ಮಗಳ ಮದುವೆಗಿಂತ ಗರುಡ ದೊಡ್ಡದೆಂದು ಅವನಿಗೆ ಹೇಳಿದವರು ಯಾರಿದ್ದರು? ಆದರೆ ಅಂದಿನಿಂದ ಎಲಿಯಟ್ ಅವರ ಹೆಸರು ಕೇಳಿದಾಗಲೆಲ್ಲ ನನಗೆ ಆ ಕುಲುಮೆ ನೆನಪಾಗುತ್ತದೆ. ಅವರು ಕೊಂಡ ಒಂದೊಂದು ನಾಣ್ಯವೂ ಇಂಥ ಒಂದು ಕುಲುಮೆಯಿಂದ ತಪ್ಪಿಸಿಕೊಂಡದ್ದೇ ಅಲ್ಲವೇ?

ಮತ್ತೆ ಅವರ ಜೀವನಕ್ಕೆ ಬರೋಣ. ೧೮೩೩ರಲ್ಲಿ ರಜೆಯ ಮೇಲೆ ಸ್ವದೇಶಕ್ಕೆ ಹೊರಟ ಎಲಿಯಟ್ ಅವರು ೧೮೩೬ರಲ್ಲಿ, ಮದ್ರಾಸಿನ ಗವರ್ನರ್ ಆದ ತಮ್ಮ ಬಂಧು ಲಾರ್ಡ್ ಎಲ್ಫಿನ್‌ಸ್ಟನ್ ಅವರ ಆಪ್ತ ಕಾರ್ಯದರ್ಶಿಯಾಗಿ ಹಿಂದಿರುಗಿದರು. ೧೮೩೯ರಲ್ಲಿ ಮಾಲ್ಟಾ ದ್ವೀಪದಲ್ಲಿ ಅವರ ವಿವಾಹವಾಯಿತು. ಬರದಿಂದ ಬಡವಾಗಿದ್ದ ಗುಂಟೂರು ಸೀಮೆಯ ಕಂದಾಯದ ಸ್ಥಿತಿಯನ್ನು ವಿಚಾರಿಸಲು ೧೮೪೫ರಲ್ಲಿ ಸರ್ಕಾರ ಅವರನ್ನು ಕಳುಹಿಸಿತು. ೧೮೪೯ರಿಂದ ೧೮೫೪ರವರೆಗೆ ಉತ್ತರ ಸರ್ಕಾರುಗಳ ಕಮಿಷನರ್ ಆಗಿದ್ದರು. ಕೋರಮಂಡಲ ತೀರದಲ್ಲಿ ಮಳೆಗಾಳಿಯ ನಂತರ ಮರಳಿನಲ್ಲಿ ಬಡವರು ಆರಿಸಿ ತರುತ್ತಿದ್ದ ಸೀಸದ, ತಾಮ್ರದ ಚಿಕ್ಕ ನಾಣ್ಯಗಳೂ ಅವರ ಸಂಗ್ರಹಕ್ಕೆ ಬಂದವು. ಚಿನ್ನವನ್ನು ಎಲ್ಲರೂ ಆದರಿಸುತ್ತಾರೆ. ಸೀಸದ ತುಂಡಿನ ಮೇಲಿನ ಹಡಗಿನ ಚಿತ್ರವನ್ನು ಕಂಡು, ಅದರಲ್ಲಿ ಹಳೆಯ ಆಂಧ್ರ ಅರಸರ ಕಾಲದ ಸಮುದ್ರ ವ್ಯಾಪಾರವನ್ನು ಕಾಣುವವನೇ ನಿಜವಾದ ಸಂಗ್ರಾಹಕ.

ಗುಂಟೂರು ಸೀಮೆಯಲ್ಲಿದ್ದಾಗಲೇ ಅವರು ಅಮರಾವತಿಯ ಬೌದ್ಧ ಸ್ತೂಪದ ದಿಬ್ಬವನ್ನು ಅಗೆಸಿ, ಸುಂದರವಾದ ಶಿಲ್ಪಗಳನ್ನು ಹೊರತೆಗೆಸಿ ಮದ್ರಾಸಿಗೆ ಸಾಗಿಸಿದರು. ಅಲ್ಲಿ ಅವು ವರ್ಷಗಟ್ಟಲೆ ಬಿಸಿಲು ಮಳೆಯಲ್ಲಿ ಬಿದ್ದಿದ್ದವು. ೧೮೫೯ರಲ್ಲಿ ಅವುಗಳಲ್ಲಿ ಹಲವನ್ನು ಲಂಡನ್ನಿಗೆ ಹಡಗಿನಲ್ಲಿ ಕಳುಹಿಸಲಾಯಿತು. ಬಹುಕಾಲ ಎಲಿಯಟ್ ಶಿಲೆಗಳೆಂದೇ ಹೆಸರಾಗಿದ್ದ ಅವು ಇಂದು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಸುಣ್ಣದ ಗೂಡಿಗೆ ಹೋಗಬಹುದಾಗಿದ್ದ ಶಿಲ್ಪಗಳು ಉಳಿದವೆಂದು ಸಂತೋಷಪಡಬೇಕೋ, ನಮ್ಮ ನೆಲದಿಂದ ಹೋದವೆಂದು ವ್ಯಥೆಪಡಬೇಕೋ? ಎರಡೂ ನ್ಯಾಯವಾದ ಭಾವನೆಗಳೇ. ಎಲಿಯಟ್ ಅವರ ನಾಣ್ಯಗಳೂ ಅದೇ ಮ್ಯೂಸಿಯಮ್ಮನ್ನು ಸೇರಿವೆ. ಕನ್ನಡದ ಹೊನ್ನನ್ನು ನೋಡಬೇಕೆಂಬ ಆಡಕಿಯ ಹುಡುಗ ಏಳು ಸಮುದ್ರ ದಾಟಬೇಕಾಗಿದೆ.

೧೮೫೪ರಲ್ಲಿ ಅವರು ಮದ್ರಾಸ್ ಗವರ್ನರರ ಮಂಡಲಿಯ ಸದಸ್ಯರಾದರು. ೧೮೫೮ರ ನವೆಂಬರ್ ೧ರಂದು ಕಂಪನಿಯ ಆಳ್ವಿಕೆ ಮುಗಿದು ವಿಕ್ಟೋರಿಯಾ ರಾಣಿಯ ಆಳ್ವಿಕೆ ಆರಂಭವಾದ ಘೋಷಣೆಯನ್ನು ಮದ್ರಾಸಿನಲ್ಲಿ ಸಾರುವ ಹೊಣೆ ಇವರ ಪಾಲಿಗೆ ಬಂದಿತು. ಒಬ್ಬ ರಾಣಿಯ ಸೆರೆಯಾಳಾಗಿ ನೌಕರಿಯ ಮೊದಲ ವರ್ಷಗಳನ್ನು ಕಂಡವರು, ಕೊನೆಗಾಲದಲ್ಲಿ ಇನ್ನೊಬ್ಬ ರಾಣಿಯ ಘೋಷಣೆ ಸಾರಿದರು! ೧೮೬೦ರಲ್ಲಿ ನಿವೃತ್ತರಾಗಿ ವುಲ್ಫ್‌ಲೀಗೆ ಮರಳಿದರು. ೧೮೬೬ರಲ್ಲಿ ಸರ್ ಪದವಿ ಬಂದಿತು. ೧೮೭೮ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಇಷ್ಟೆಲ್ಲ ಮಾನ ಮರ್ಯಾದೆ ಪಡೆದ ವೃದ್ಧರು ಬೆಂಕಿಯ ಮುಂದೆ ಬೆಚ್ಚಗೆ ಕುಳಿತು ಕಾಲ ಕಳೆದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ.

ಆದರೆ ಅವರಿಗೆ ಒಂದು ಋಣ ಉಳಿದಿತ್ತು. ದಶಕಗಳ ಕಾಲ ಕೂಡಿಸಿದ ನಾಣ್ಯಗಳ ಅರ್ಥ ಅವರ ತಲೆಯಲ್ಲಿತ್ತು. ಅದನ್ನು ಬರೆಯದೆ ಹೋದರೆ ಸಂಗ್ರಹವೆಲ್ಲ ಮತ್ತೆ ಮೂಕವಾಗುತ್ತಿತ್ತು. ಅಷ್ಟರಲ್ಲಿ ಕಣ್ಣಿನ ಬೇನೆಯಿಂದ ದೃಷ್ಟಿ ಬಹುಮಟ್ಟಿಗೆ ಹೋಗಿಬಿಟ್ಟಿತ್ತು. ನಾಣ್ಯಶಾಸ್ತ್ರವೆಂದರೆ ಕಣ್ಣಿನ ಶಾಸ್ತ್ರ. ಸಾಸಿವೆಯಷ್ಟು ಚುಕ್ಕೆಯಲ್ಲಿ ಸೂರ್ಯನೋ ಚಂದ್ರನೋ ಎಂದು ತೀರ್ಮಾನಿಸಬೇಕಾದ ವಿದ್ಯೆ ಅದು. ಅಂಥದರಲ್ಲಿ ಎಂಬತ್ತು ದಾಟಿದ ಆ ಮುದುಕರು ಬೇರೆಯವರಿಂದ ಓದಿಸಿಕೊಂಡು, ತಾವು ಬಾಯಲ್ಲಿ ಹೇಳಿ ಬರೆಯಿಸಿ, ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ತಮ್ಮ ಗ್ರಂಥವನ್ನು ಪೂರ್ತಿಗೊಳಿಸಿದರು. ಅದು ೧೮೮೬ರಲ್ಲಿ ಹೊರಬಂದಿತು. ಅವರ ಕೆಲವು ತೀರ್ಮಾನಗಳನ್ನು ಅನಂತರದ ವಿದ್ವಾಂಸರು ತಿದ್ದಿದ್ದಾರೆ. ತಿದ್ದಲು ಸಾಧ್ಯವಾದದ್ದು ಅವರು ಬರೆದಿಟ್ಟದ್ದರಿಂದಲೇ.

ಮರುವರ್ಷ, ೧೮೮೭ರ ಮಾರ್ಚ್ ೧ರಂದು, ಅವರು ವುಲ್ಫ್‌ಲೀಯಲ್ಲಿ ತೀರಿಕೊಂಡರು. ಅಂದು ಬೆಳಿಗ್ಗೆಯೂ ಅವರು ತಮಿಳು ವಿದ್ವಾಂಸರಾದ ಜಿ. ಯು. ಪೋಪ್ ಅವರಿಗೆ, ಹೊರಬರಲಿದ್ದ ತಿರುಕ್ಕುರಳಿನ ಆವೃತ್ತಿಯನ್ನು ವಿಚಾರಿಸಿ ಒಂದು ಪತ್ರವನ್ನು ಹೇಳಿ ಬರೆಯಿಸಿ, ತಮ್ಮ ಕೈಯಿಂದಲೇ ಸಹಿ ಮಾಡಿದ್ದರು. ಎಂಬತ್ತನಾಲ್ಕು ವರ್ಷದ ಕಣ್ಣು ಕಾಣದ ವೃದ್ಧರ ಕೊನೆಯ ದಿನದ ಚಿಂತೆ ಅದಾಗಿತ್ತು.

ಎಲಿಯಟ್ ಅವರ ಜೀವನದಿಂದ ನಾವು ಕಲಿಯಬೇಕಾದುದೇನು? ನಾಣ್ಯ ಕೊಳ್ಳಲು ಅವರಿಗೆ ಹಣವಿತ್ತು, ತರಿಸಿಕೊಳ್ಳಲು ಅಧಿಕಾರವಿತ್ತು. ವಿದ್ಯಾರ್ಥಿಗಳಾದ ನಮ್ಮಲ್ಲಿ ಅವೆರಡೂ ಇಲ್ಲ. ಆದರೆ ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು, ತೂಕವೆಷ್ಟು, ಮೇಲೇನಿದೆ ಎಂದು ಬರೆದಿಡುವ ಅವರ ಶಿಸ್ತು ಇದೆಯಲ್ಲ, ಅದಕ್ಕೆ ಒಂದು ಪೆನ್ಸಿಲು, ನಾಲ್ಕಾಣೆಯ ನೋಟುಪುಸ್ತಕವಾದರೆ ಸಾಕೆಂದು ಹಿಂದಿನವರು ಹೇಳುವಷ್ಟು ಕಡಿಮೆ ಖರ್ಚಿನ ಸಾಧನ ಸಾಲುತ್ತದೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯಂತೆ, ಮಳಖೇಡದ ಕೋಟೆಯನ್ನೂ ಚಿತ್ತಾಪುರದ ಬಳಿಯ ನಾಗಾವಿಯ ಶಾಸನಗಳನ್ನೂ ನಾವು ದಿನವೂ ನೋಡಿ ಅಸಡ್ಡೆಯಿಂದ ಮುಂದೆ ಹೋಗುತ್ತೇವೆ. ರಜೆಯಲ್ಲಿ ಸೇಡಂ, ಚಿತ್ತಾಪುರ, ಚಿಂಚೋಳಿ, ಶಹಾಬಾದ್, ವಾಡಿಗಳ ಕಡೆಗೆ ಹೋಗುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ನಿಮ್ಮ ಊರಿನ ಗುಡಿಯ ಮುಂದಿನ ಬರಹದ ಕಲ್ಲು ಎಲ್ಲಿದೆಯೆಂದು ಗುರುತು ಮಾಡಿಕೊಳ್ಳಿರಿ. ಹೊಲದಲ್ಲಿ ಹಳೆಯ ಹಣ ಸಿಕ್ಕಿತೆಂಬ ಸುದ್ದಿ ಬಂದರೆ, ಅದು ಕುಲುಮೆಗೆ ಹೋಗುವ ಮೊದಲು ಸರ್ಕಾರದ ಅಧಿಕಾರಿಗಳಿಗೆ ತಿಳಿಸುವುದು ಕಾಯಿದೆಯೂ ಹೌದು, ಧರ್ಮವೂ ಹೌದು ಎಂದು ಹಿರಿಯರಿಗೆ ತಾಳ್ಮೆಯಿಂದ ಹೇಳಿರಿ. ಮಳಖೇಡದ ಅರಸರ ಹಣ ಯಾವುದೆಂಬ ಪ್ರಶ್ನೆಗೆ ಉತ್ತರ ಲಂಡನ್ನಿನಲ್ಲಿ ಸಿಗಲಿಲ್ಲ. ಅದು ಸಿಗುವುದಾದರೆ ನಮ್ಮ ಸೀಮೆಯ ಕರಿಮಣ್ಣಿನಲ್ಲೇ ಸಿಗಬೇಕು, ಮತ್ತು ಅದನ್ನು ಕಂಡ ಕೈ ಒಂದು ಕ್ಷಣ ತಡೆದು ನೋಡಬೇಕು.